ಕಾಲೇಜಿಗೊಂದು ಲ್ಯಾಪ್‌ಟಾಪ್: ಮುಂದೆ ಬದಲಾಯಿಸಲಾಗದ ಭಾಗಕ್ಕೆ ಮೊದಲು ದುಡ್ಡು ಹಾಕಿ

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಲ್ಲಾಗಲಿ, ಆನ್‌ಲೈನ್ ಮಾರಾಟದ ಪುಟದಲ್ಲಾಗಲಿ, ಲ್ಯಾಪ್‌ಟಾಪ್ ಬಗ್ಗೆ ಮೊದಲು ಸಿಗುವುದು ಒಂದೇ ಸಾಲಿನ ಮಾಹಿತಿ: ‘ರೈಜೆನ್ 5, 8 ಜಿಬಿ ರ್‍ಯಾಮ್, 512 ಜಿಬಿ ಎಸ್‌ಎಸ್‌ಡಿ, 15.6 ಇಂಚು ಫುಲ್ ಎಚ್‌ಡಿ’. ಇದೇ ಸಾಲು ಹೊತ್ತ ಎರಡು ಲ್ಯಾಪ್‌ಟಾಪ್‌ಗಳಲ್ಲಿ ಒಂದು ಡಿಗ್ರಿ ಮುಗಿಯುವವರೆಗೂ ಆರಾಮಾಗಿ ಬಾಳಬಹುದು, ಇನ್ನೊಂದು ಮೂರನೇ ಸೆಮಿಸ್ಟರಿಗೇ ಸುಸ್ತಾಗಬಹುದು. ವ್ಯತ್ಯಾಸ ಇರುವುದು ಆ ಸಾಲಿನಲ್ಲಿ ಬರೆಯದೇ ಬಿಟ್ಟ ಸಂಗತಿಗಳಲ್ಲಿ. ರೈಜೆನ್ 5 ಪ್ರೊಸೆಸರ್ ಅಂದರೆ ಯಾವ ರೈಜೆನ್ 5? ರ್‍ಯಾಮ್ (ತೆರೆದ ಕೆಲಸಗಳನ್ನು ಇಟ್ಟುಕೊಳ್ಳುವ ಮೆಮೊರಿ) ಸ್ಲಾಟಿನಲ್ಲಿದೆಯೋ, ಬೋರ್ಡಿಗೇ ಬೆಸುಗೆ ಹಾಕಿದ್ದಾರೋ? ಸ್ಕ್ರೀನಿನ ಪ್ಯಾನೆಲ್ ಯಾವುದು? ಇಷ್ಟು ಕೇಳಲು ಕಲಿತರೆ 30-50 ಸಾವಿರ ರೂಪಾಯಿಯ ಬಜೆಟ್‌ನಲ್ಲಿ ಮೋಸ ಹೋಗುವ ಸಾಧ್ಯತೆ ಬಹಳ ಕಡಿಮೆಯಾಗುತ್ತದೆ.

ಕಡಿಮೆ ದುಡ್ಡಿನಲ್ಲಿ ಎಲ್ಲವೂ ಚೆನ್ನಾಗಿರುವ ಲ್ಯಾಪ್‌ಟಾಪ್ ಸಿಗುವುದಿಲ್ಲ, ಯಾವುದಾದರೊಂದು ಕಡೆ ರಾಜಿ ಆಗಲೇಬೇಕು. ಎಲ್ಲಿ ರಾಜಿಯಾಗಬೇಕು ಅನ್ನುವುದಕ್ಕೆ ಒಂದು ಗಟ್ಟಿ ಸೂತ್ರವಿದೆ. ಕೊಂಡಮೇಲೆ ಬದಲಾಯಿಸಬಹುದಾದ ಭಾಗದಲ್ಲಿ ಈಗ ಉಳಿಸಿ, ಬದಲಾಯಿಸಲಾಗದ ಭಾಗಕ್ಕೆ ಈಗಲೇ ಖರ್ಚು ಮಾಡಿ. ಫೈಲ್‌ಗಳನ್ನು ಉಳಿಸಿಡುವ ಎಸ್‌ಎಸ್‌ಡಿ ಬದಲಾಯಿಸಬಹುದು. ಸ್ಲಾಟ್ ಇದ್ದರೆ ರ್‍ಯಾಮ್ ಸೇರಿಸಬಹುದು. ಬ್ಯಾಟರಿ ಸೋತರೆ ಹೊಸದು ಹಾಕಿಸಬಹುದು. ಪ್ರೊಸೆಸರ್ ಮಾತ್ರ ಕೊನೆಯವರೆಗೂ ಅದೇ. ಬೆಸುಗೆ ಹಾಕಿದ ರ್‍ಯಾಮೂ ಅಷ್ಟೇ. ಸ್ಕ್ರೀನ್, ಕೀಬೋರ್ಡ್, ಹಿಂಜ್ (ಸ್ಕ್ರೀನ್ ತಿರುಗುವ ಕೀಲು), ತೂಕ ಇವೆಲ್ಲವೂ ಮೊದಲ ದಿನ ಹೇಗಿದ್ದವೋ ಹಾಗೇ ಉಳಿಯುತ್ತವೆ. ಅಂಗಡಿಯ ಜಾಹೀರಾತುಗಳು ಇದಕ್ಕೆ ತದ್ವಿರುದ್ಧವಾಗಿ ಕೆಲಸ ಮಾಡುತ್ತವೆ: ದೊಡ್ಡ ಎಸ್‌ಎಸ್‌ಡಿಯ ಅಂಕಿ ತೋರಿಸಿ ಮಂಕು ಸ್ಕ್ರೀನ್ ಮಾರುತ್ತವೆ.

ಮೊದಲು ಕೋರ್ಸ್, ಆಮೇಲೆ ಲ್ಯಾಪ್‌ಟಾಪ್

ಬಿ.ಕಾಂ., ಬಿಬಿಎ ಓದುವವರಿಗೆ ಎಕ್ಸೆಲ್, ಟ್ಯಾಲಿ, ಪಿಪಿಟಿ, ಬ್ರೌಸರ್ ಇಷ್ಟು ನಡೆದರೆ ಸಾಕು. ಟ್ಯಾಲಿ ವಿಂಡೋಸ್‌ಗೆಂದೇ ಮಾಡಿದ್ದು, ಆದ್ದರಿಂದ ಕ್ರೋಮ್‌ಬುಕ್ ಅಥವಾ ಮ್ಯಾಕ್ ಕಡೆ ಹೋದರೆ ತೊಂದರೆ. ಬಿ.ಎ., ಪತ್ರಿಕೋದ್ಯಮ ಓದುವವರು ದಿನಕ್ಕೆ ಗಂಟೆಗಟ್ಟಲೆ ಓದುತ್ತಾರೆ, ಟೈಪ್ ಮಾಡುತ್ತಾರೆ. ಪ್ರೊಸೆಸರ್‌ಗಿಂತ ಸ್ಕ್ರೀನ್ ಮತ್ತು ಕೀಬೋರ್ಡ್ ಅವರಿಗೆ ಮುಖ್ಯ. ಕನ್ನಡ ಟೈಪಿಂಗ್‌ಗೆ ದುಬಾರಿ ಯಂತ್ರ ಬೇಕಿಲ್ಲ. ವಿಂಡೋಸ್‌ನಲ್ಲೇ ಕನ್ನಡ ಕೀಬೋರ್ಡ್ ಬರುತ್ತದೆ, ನುಡಿ ವಿನ್ಯಾಸ ರೂಢಿಯಾದವರು ಅದನ್ನು ಹಾಕಿಕೊಳ್ಳಬಹುದು.

ಬಿಸಿಎ, ಕಂಪ್ಯೂಟರ್ ಸೈನ್ಸ್ ಹುಡುಗ ಹುಡುಗಿಯರಿಗೆ ಮೊದಲ ವರ್ಷ ಸಿ, ಪೈಥಾನ್ ಅಷ್ಟೇ ಇರುವುದರಿಂದ ಯಾವ ಲ್ಯಾಪ್‌ಟಾಪ್ ಆದರೂ ನಡೆಯುತ್ತದೆ. ಎರಡನೇ ವರ್ಷದಿಂದ ಆಂಡ್ರಾಯ್ಡ್ ಸ್ಟುಡಿಯೋ, ಡಾಕರ್, ವರ್ಚುವಲ್ ಮಷೀನ್ ಬಂದಾಗ ನಿಜವಾದ ಪರೀಕ್ಷೆ. ಆಂಡ್ರಾಯ್ಡ್ ಸ್ಟುಡಿಯೋ ಜೊತೆ ಎಮ್ಯುಲೇಟರ್ ತೆರೆದರೆ 8 ಜಿಬಿ ರ್‍ಯಾಮ್ ಅಲ್ಲೇ ತುಂಬಿಹೋಗುತ್ತದೆ. ಹಾಗಾಗಿ ಇವರಿಗೆ 16 ಜಿಬಿ, ಅಥವಾ 16ಕ್ಕೆ ಏರಿಸಬಹುದಾದ 8 ಜಿಬಿ, ಇವೆರಡರಲ್ಲಿ ಒಂದು ಬೇಕೇ ಬೇಕು. ಎಲೆಕ್ಟ್ರಾನಿಕ್ಸ್ ವಿಭಾಗದವರು ಎಸ್‌ಎಸ್‌ಡಿ ಬಗ್ಗೆ ಯೋಚಿಸಬೇಕು. ವಿವಾಡೊದಂಥ ಎಫ್‌ಪಿಜಿಎ ಸಾಫ್ಟ್‌ವೇರ್ ಒಂದೇ ಹತ್ತಾರು ಜಿಬಿ ಜಾಗ ತಿನ್ನುತ್ತದೆ, 256 ಜಿಬಿಯಲ್ಲಿ ಉಸಿರು ಕಟ್ಟುತ್ತದೆ. ಮೆಕ್ಯಾನಿಕಲ್, ಸಿವಿಲ್, ಆರ್ಕಿಟೆಕ್ಚರ್‌ನವರು ನೆನಪಿಡಬೇಕಾದದ್ದು, ಸಾಲಿಡ್‌ವರ್ಕ್ಸ್ ಮತ್ತು ರೆವಿಟ್ ವಿಂಡೋಸ್‌ನಲ್ಲಿ ಮಾತ್ರ ನಡೆಯುತ್ತವೆ. ಆಟೊಕ್ಯಾಡ್ ಮತ್ತು ರೆವಿಟ್ ಅನ್ನು ವಿದ್ಯಾರ್ಥಿಗಳಿಗೆ ಆಟೊಡೆಸ್ಕ್ ಕಂಪನಿಯೇ ಉಚಿತವಾಗಿ ಕೊಡುತ್ತದೆ. ಕಾಲೇಜಿನ ಗುರುತಿನ ದಾಖಲೆ ಕೊಟ್ಟರೆ ಸಾಕು, ಕ್ರ್ಯಾಕ್ ಮಾಡಿದ ಕಾಪಿ ಹಾಕಿಸಿಕೊಂಡು ವೈರಸ್ ತಂದುಕೊಳ್ಳುವ ಅಗತ್ಯವಿಲ್ಲ.

ಕಾಲೇಜಿನ ಸೀನಿಯರ್‌ಗಳನ್ನು ಒಂದು ಮಾತು ಕೇಳಿ: ಮೂರನೇ ವರ್ಷದಲ್ಲಿ ಯಾವ ಸಾಫ್ಟ್‌ವೇರ್ ಬೇಕಾಗುತ್ತದೆ, ಲ್ಯಾಬಿನಲ್ಲಿ ಎಷ್ಟು ಕೆಲಸ ಮುಗಿಯುತ್ತದೆ? ಅಂಗಡಿಯವರಿಂದ ಈ ಉತ್ತರ ಸಿಗುವುದಿಲ್ಲ.

ಪ್ರೊಸೆಸರ್: ಪೂರ್ತಿ ನಂಬರ್ ಓದಿ

‘ಐ3 ಬೇಡ, ಐ5 ಕೊಡಿ’ ಅನ್ನುವುದು ಅಪ್ಪ-ಅಮ್ಮಂದಿರ ಸಾಮಾನ್ಯ ಮಾತು. ಐ3, ಐ5 ಎಂಬ ಹೆಸರು ಅರ್ಧ ಮಾಹಿತಿ ಅಷ್ಟೇ. ಅದರ ಮುಂದಿನ ಅಂಕಿಗಳೇ ಅಸಲಿ ವಿಷಯ. ಇಂಟೆಲ್‌ನ ‘ಐ5-1235ಯು’ ತೆಗೆದುಕೊಳ್ಳಿ. ಮೊದಲ ಎರಡು ಅಂಕಿ 12 ಅಂದರೆ 12ನೇ ಜನರೇಷನ್. ಕೊನೆಯ ‘ಯು’ ಅಂದರೆ ಕಡಿಮೆ ವಿದ್ಯುತ್ ಬಳಸುವ ಚಿಪ್. ಅಲ್ಲಿ ‘ಎಚ್’ ಇದ್ದರೆ ಹೆಚ್ಚು ಶಕ್ತಿಯ ಚಿಪ್, ಜೊತೆಗೆ ಹೆಚ್ಚು ಬಿಸಿ, ಹೆಚ್ಚು ಫ್ಯಾನ್ ಸದ್ದು, ಕಡಿಮೆ ಬ್ಯಾಟರಿ.

ಇಂಟೆಲ್ 12ನೇ ಜನರೇಷನ್‌ನಲ್ಲಿ ಚಿಪ್ಪಿನ ವಿನ್ಯಾಸವನ್ನೇ ಬದಲಿಸಿ, ವೇಗದ ಕೋರ್ (ಚಿಪ್ಪಿನೊಳಗೆ ಲೆಕ್ಕ ಮಾಡುವ ಘಟಕ) ಮತ್ತು ಮಿತವ್ಯಯದ ಕೋರ್ ಎಂದು ಎರಡು ಬಗೆಯನ್ನು ಒಟ್ಟಿಗೆ ಇಟ್ಟಿತು. ಇದರಿಂದ ಐ3-1215ಯುನಲ್ಲಿ 6 ಕೋರ್ (2 ವೇಗದ, 4 ಮಿತವ್ಯಯದ), ಐ5-1235ಯುನಲ್ಲಿ 10 ಕೋರ್ (2 ಮತ್ತು 8) ಬಂದವು. ಹೀಗಾಗಿ 12ನೇ ಜನರೇಷನ್ ಐ3, 10ನೇ ಜನರೇಷನ್‌ನ ನಾಲ್ಕು ಕೋರಿನ ಐ5ಗಿಂತ ವೇಗವಾಗಿದೆ. ‘ಐ5 ಸಾರ್, ಆಫರ್‌ನಲ್ಲಿದೆ’ ಎಂದು ಹಳೇ ಸ್ಟಾಕ್ ತೋರಿಸಿದರೆ ಪಕ್ಕದ ಹೊಸ ಐ3 ಕೇಳುವುದೇ ಜಾಣತನ. ಈಚೆಗೆ ಇಂಟೆಲ್ ‘ಐ’ ಅಕ್ಷರವನ್ನೇ ಬಿಟ್ಟು ‘ಕೋರ್ 3 100ಯು’, ‘ಕೋರ್ 5 120ಯು’ ಅಂತ ಹೆಸರಿಡುತ್ತಿದೆ. ಹೆಸರು ಹೊಸದು, ಕೋರ್‌ಗಳ ಲೆಕ್ಕ ಹಳೆಯದೇ, ಕ್ರಮವಾಗಿ 6 ಮತ್ತು 10. ‘ಕೋರ್ ಅಲ್ಟ್ರಾ’ ಬೇರೆ ಸಾಲಿನದು, ಬೆಲೆಯೂ ಮೇಲಿನದು.

ರೈಜೆನ್ ಮಾಡುವ ಎಎಂಡಿಯಲ್ಲಿ ಗೊಂದಲ ಇನ್ನೂ ಹೆಚ್ಚು. ಕಡಿಮೆ ಬಜೆಟ್‌ನವರು ಹೆಚ್ಚಾಗಿ ಎಡವುವುದೂ ಇಲ್ಲೇ. 7000 ಸರಣಿಯ ನಾಲ್ಕು ಅಂಕಿಗಳಲ್ಲಿ ಮೂರನೆಯದನ್ನು ನೋಡಿ. ಚಿಪ್ಪಿನ ಒಳಗಿರುವ ವಿನ್ಯಾಸ ಎಷ್ಟು ಹಳೆಯದು ಅನ್ನುವುದನ್ನು ಆ ಅಂಕಿ ಹೇಳುತ್ತದೆ. 2 ಇದ್ದರೆ ಝೆನ್ 2 (ಝೆನ್ ಎಂಬುದು ಎಎಂಡಿ ವಿನ್ಯಾಸದ ಹೆಸರು, ಅಂಕಿ ದೊಡ್ಡದಾದಷ್ಟೂ ಹೊಸದು), 3 ಇದ್ದರೆ ಝೆನ್ 3 ಅಥವಾ ಅದರ ಸುಧಾರಿತ ರೂಪ, 4 ಇದ್ದರೆ ಝೆನ್ 4. ರೈಜೆನ್ 5 7520ಯು ಮತ್ತು ರೈಜೆನ್ 5 7530ಯು ನಡುವೆ ಹೆಸರಿನಲ್ಲಿರುವುದು ಒಂದೇ ಅಂಕಿಯ ಅಂತರ. ಮೊದಲನೆಯದು ಝೆನ್ 2, ನಾಲ್ಕು ಕೋರ್. ಎರಡನೆಯದು ಝೆನ್ 3, ಆರು ಕೋರ್. ಎರಡರ ಮೇಲೂ ಅಂಟಿಸಿರುವುದು ಅದೇ ‘ರೈಜೆನ್ 5’ ಸ್ಟಿಕ್ಕರ್. 7520ಯುಗೆ ಇನ್ನೊಂದು ಮಿತಿಯೂ ಇದೆ. ಅದು ಎಲ್‌ಪಿಡಿಡಿಆರ್5 ಮೆಮೊರಿಯನ್ನು ಮಾತ್ರ ಒಪ್ಪುತ್ತದೆ, ಅದನ್ನು ಬೋರ್ಡಿಗೆ ಬೆಸುಗೆ ಹಾಕಿಯೇ ಕೂರಿಸುತ್ತಾರೆ. ಅಂದರೆ 8 ಜಿಬಿಯ 7520ಯು ಕೊಂಡರೆ ಕೊನೆಯವರೆಗೂ 8 ಜಿಬಿಯೇ. ಎಕ್ಸೆಲ್, ಬ್ರೌಸಿಂಗ್‌ಗೆ ಅದು ಕೆಟ್ಟ ಚಿಪ್ಪೇನಲ್ಲ, ಬ್ಯಾಟರಿಯನ್ನೂ ಚೆನ್ನಾಗಿ ಉಳಿಸುತ್ತದೆ. ಆದರೆ ಇಂಜಿನಿಯರಿಂಗ್ ಹುಡುಗರಿಗೆ 8 ಜಿಬಿಯ 7520ಯು ಬೇಡವೇ ಬೇಡ.

ಹೊಸ ಹೊಸ ಹೆಸರಿನಲ್ಲಿ ಹಳೇ ಚಿಪ್ ಬರುವುದು ನಿಲ್ಲುವುದಿಲ್ಲ. ಆದ್ದರಿಂದ ಪೂರ್ತಿ ನಂಬರ್ ಬರೆದುಕೊಂಡು, ತಯಾರಕರ ವೆಬ್‌ಸೈಟಿನಲ್ಲಿ ಎಷ್ಟು ಕೋರ್, ಎಷ್ಟು ಥ್ರೆಡ್, ಯಾವ ಬಗೆಯ ಮೆಮೊರಿ ಎಂದು ನೋಡಿ. ಐದು ನಿಮಿಷದ ಕೆಲಸ. ಕೋರ್ ಸಂಖ್ಯೆ ಹೋಲಿಸುವಾಗ ಮಿತವ್ಯಯದ ಕೋರ್‌ಗಳನ್ನು ವೇಗದ ಕೋರ್‌ಗೆ ಸಮ ಎಂದು ಎಣಿಸಬೇಡಿ. ಇಂಟೆಲ್ ಎನ್100 ನಂಥ ಚಿಪ್ಪಿನಲ್ಲಿರುವ ನಾಲ್ಕೂ ಮಿತವ್ಯಯದವೇ, ನೋಟ್ಸ್ ಬರೆಯಲು ಪರವಾಗಿಲ್ಲ, ಅದಕ್ಕಿಂತ ಹೆಚ್ಚಿನ ಕೆಲಸ ಕೇಳಬೇಡಿ.

ರ್‍ಯಾಮ್: ಎಷ್ಟು ಅನ್ನುವುದಕ್ಕಿಂತ ಹೇಗೆ ಕೂರಿಸಿದ್ದಾರೆ

ವಿಂಡೋಸ್ 11 ಏನೂ ತೆರೆಯದೆ ಸುಮ್ಮನೆ ಕುಳಿತಾಗಲೇ 8 ಜಿಬಿಯಲ್ಲಿ ಅರ್ಧದಷ್ಟು ಹಿಡಿದಿರುತ್ತದೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್ ಕೂಡ ಇದೇ ರ್‍ಯಾಮಿನಲ್ಲಿ ಪಾಲು ಕೇಳುತ್ತದೆ. ಉಳಿದದ್ದರಲ್ಲಿ ಇಪ್ಪತ್ತು ಟ್ಯಾಬ್, ಒಂದು ವಿಡಿಯೊ ಕ್ಲಾಸ್, ಒಂದು ವರ್ಡ್ ಫೈಲ್ ತೆರೆದರೆ ಮುಗಿಯಿತು. ಜಾಗ ಸಾಲದಾದಾಗ ವಿಂಡೋಸ್ ಎಸ್‌ಎಸ್‌ಡಿಯನ್ನೇ ರ್‍ಯಾಮ್‌ನಂತೆ ಬಳಸಲು ಶುರುಮಾಡುತ್ತದೆ. ‘ಲ್ಯಾಪ್‌ಟಾಪ್ ಸ್ಲೋ ಆಯ್ತು’ ಅನ್ನುವ ದೂರಿನ ಹಿಂದೆ ಬಹುಪಾಲು ಇರುವುದು ಇದೇ ಕಾರಣ.

ಹೊಸ ಲ್ಯಾಪ್‌ಟಾಪ್‌ಗಳಲ್ಲಿ ರ್‍ಯಾಮ್ ಮೂರು ಬಗೆಯಲ್ಲಿ ಬರುತ್ತದೆ. ಎರಡು ಸ್ಲಾಟ್ ಇದ್ದು ಒಂದು ಖಾಲಿ ಇರುವುದು ಒಂದು ಬಗೆ. 8 ಜಿಬಿ ಬೆಸುಗೆ, ಪಕ್ಕದಲ್ಲೊಂದು ಖಾಲಿ ಸ್ಲಾಟ್ ಇನ್ನೊಂದು. ಪೂರ್ತಿ ಬೆಸುಗೆ ಮೂರನೆಯದು. ಮೊದಲೆರಡರಲ್ಲಿ ಆಮೇಲೆ ಒಂದು ಸ್ಟಿಕ್ ಹಾಕಿಸಿದರೆ 16 ಆಗುತ್ತದೆ, ಮೂರನೆಯದರಲ್ಲಿ ದಾರಿಯಿಲ್ಲ. ಅಂಗಡಿಯಲ್ಲಿ ಡೆಮೊ ಪೀಸ್ ಇದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಲಿ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ‘ಪರ್ಫಾರ್ಮೆನ್ಸ್’ ವಿಭಾಗದಲ್ಲಿ ‘ಮೆಮೊರಿ’ ಒತ್ತಿದರೆ ‘ಸ್ಲಾಟ್ಸ್ ಯೂಸ್ಡ್’ ಎದುರು ಎರಡರಲ್ಲಿ ಒಂದು ಎಂಬಂತೆ ಕಾಣಬೇಕು. ಬೆಸುಗೆ ಹಾಕಿದ ರ್‍ಯಾಮನ್ನೂ ಕೆಲವು ಯಂತ್ರಗಳು ಸ್ಲಾಟ್ ಎಂದೇ ಎಣಿಸಿ ತೋರಿಸುವುದರಿಂದ, ಮಾಡೆಲ್ ನಂಬರ್ ಹಿಡಿದು ತಯಾರಕರ ಸೈಟಿನಲ್ಲಿ ಇನ್ನೊಮ್ಮೆ ಖಚಿತಪಡಿಸಿಕೊಳ್ಳಿ. ಹಳೆಯ ಬಗೆಯ ಡಿಡಿಆರ್4 ಸ್ಲಾಟಿಗೆ ಹೊಸ ಬಗೆಯ ಡಿಡಿಆರ್5 ಸ್ಟಿಕ್ ಕೂರುವುದೇ ಇಲ್ಲ. 12ನೇ ಜನರೇಷನ್ ಇಂಟೆಲ್‌ನಲ್ಲಿ ಎರಡೂ ಬಗೆಯ ಮಾಡೆಲ್‌ಗಳಿವೆ, ಕೇಳಿಯೇ ಕೊಳ್ಳಿ.

ಎರಡನೇ ಸ್ಟಿಕ್‌ನಿಂದ ಜಾಗದ ಜೊತೆಗೆ ವೇಗವೂ ಸಿಗುತ್ತದೆ. ಒಂದೇ ಸ್ಟಿಕ್ ಇದ್ದಾಗ ಪ್ರೊಸೆಸರ್‌ಗೂ ಮೆಮೊರಿಗೂ ನಡುವೆ ಒಂದೇ ದಾರಿ, ಎರಡಿದ್ದಾಗ ಎರಡು. ಸ್ವಂತ ಮೆಮೊರಿ ಇಲ್ಲದ ಒಳ ಗ್ರಾಫಿಕ್ಸ್‌ಗೆ ಇದರಿಂದ ಬಹಳ ಲಾಭ. ಇಂಟೆಲ್‌ನ ಐ5 ಚಿಪ್‌ಗಳಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಒಂದು ಸ್ಟಿಕ್ ಇರುವಾಗ ಗ್ರಾಫಿಕ್ಸ್ ಹೆಸರು ‘ಯುಎಚ್‌ಡಿ’ ಎಂದು ತೋರಿಸುವ ಅದೇ ಲ್ಯಾಪ್‌ಟಾಪ್, ಎರಡು ಸ್ಟಿಕ್ ಹಾಕಿದ ಮೇಲೆ ‘ಐರಿಸ್ ಎಕ್ಸ್ಇ’ ಎಂದು ತೋರಿಸುತ್ತದೆ.

ಈ ಲೆಕ್ಕಕ್ಕೆ ಈಗೊಂದು ತಿದ್ದುಪಡಿ ಬೇಕು. ‘8 ಜಿಬಿ ಕೊಂಡು ಆಮೇಲೆ ಹಾಕಿಸಿದರಾಯಿತು’ ಅನ್ನುವುದು ಅನೇಕ ವರ್ಷ ಒಳ್ಳೆಯ ಸಲಹೆಯಾಗಿತ್ತು. 2025ರ ಕೊನೆಯ ತಿಂಗಳುಗಳಿಂದ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದಾಗಿ ಮೆಮೊರಿ ಚಿಪ್‌ಗಳ ಬೆಲೆ ಜಗತ್ತಿನೆಲ್ಲೆಡೆ ಜೋರಾಗಿ ಏರಿತು. ಆದ್ದರಿಂದ ಕೊಳ್ಳುವ ದಿನವೇ ಎಸ್.ಪಿ. ರಸ್ತೆಯ ಎರಡು ಅಂಗಡಿಯಲ್ಲಿ 8 ಜಿಬಿ ಸ್ಟಿಕ್‌ನ ಬೆಲೆ ಕೇಳಿ. 16 ಜಿಬಿ ಮಾಡೆಲ್‌ಗೂ 8 ಜಿಬಿ ಮಾಡೆಲ್‌ಗೂ ಇರುವ ಅಂತರ ಅದಕ್ಕಿಂತ ಕಡಿಮೆ ಇದ್ದರೆ ಈಗಲೇ 16 ತೆಗೆದುಕೊಳ್ಳಿ.

ಎಸ್‌ಎಸ್‌ಡಿ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳುವುದು ಬೇಡ. ಎನ್‌ವಿಎಂಇ ಎಂಬ ವೇಗದ ಬಗೆಯ 512 ಜಿಬಿ ಸಾಕು. ವಿಂಡೋಸ್ ಅದನ್ನು ಸುಮಾರು 476 ಜಿಬಿ ಎಂದು ತೋರಿಸಿದರೆ ಗಾಬರಿಯಾಗಬೇಡಿ, ಎಣಿಸುವ ರೀತಿ ಬೇರೆ, ಅಷ್ಟೇ. ‘ಇಎಂಎಂಸಿ’ ಎಂದು ಬರೆದಿದ್ದರೆ ಮಾತ್ರ ಕೊಳ್ಳಬೇಡಿ. ಅದು ನಿಧಾನ, ಮೇಲಾಗಿ ಬೋರ್ಡಿಗೆ ಬೆಸುಗೆಯಾಗಿರುತ್ತದೆ.

ಸ್ಕ್ರೀನ್, ಬ್ಯಾಟರಿ, ತೂಕ

ಕಂಪನಿಗಳು ದುಡ್ಡು ಉಳಿಸುವುದು ಹೆಚ್ಚಾಗಿ ಸ್ಕ್ರೀನಿನಲ್ಲಿ. 1366×768 ರೆಸಲ್ಯೂಷನ್ ಇನ್ನೂ ಮಾರಾಟದಲ್ಲಿದೆ, ಬೇಡ. 1920×1080ರಲ್ಲಿ ಅದರ ಎರಡರಷ್ಟು ಚುಕ್ಕಿಗಳಿರುತ್ತವೆ. ಒಂದು ಬದಿ ಪಿಡಿಎಫ್, ಇನ್ನೊಂದು ಬದಿ ಕೋಡ್ ಇಟ್ಟು ಕೆಲಸ ಮಾಡಲು ಅಷ್ಟಾದರೂ ಬೇಕು. ಆಮೇಲೆ ಪ್ಯಾನೆಲ್ ಬಗೆ. ಐಪಿಎಸ್ ಆದರೆ ಬದಿಯಿಂದ ನೋಡಿದರೂ ಬಣ್ಣ ಕೆಡುವುದಿಲ್ಲ. ಟಿಎನ್ ಆದರೆ ಸ್ಕ್ರೀನನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿದರೂ ಚಿತ್ರ ಬಿಳಿಚಿಕೊಳ್ಳುತ್ತದೆ. ವಿವರಣೆಯಲ್ಲಿ ‘ಫುಲ್ ಎಚ್‌ಡಿ ಆ್ಯಂಟಿ ಗ್ಲೇರ್’ ಎಂದಷ್ಟೇ ಬರೆದು ಪ್ಯಾನೆಲ್ ಬಗೆ ಹೇಳದಿದ್ದರೆ ಟಿಎನ್ ಇರಬಹುದು ಎಂದೇ ಅನುಮಾನಿಸಿ. ಬೆಳಕಿನ ಅಳತೆ ನಿಟ್ಸ್. 250 ನಿಟ್ಸ್ ಕೋಣೆಯೊಳಗೆ ಸಾಕು, ಕಿಟಕಿ ಪಕ್ಕದ ಬೆಂಚಿನಲ್ಲಿ ಕಷ್ಟ. 300 ಸಿಕ್ಕರೆ ಒಳ್ಳೆಯದು. ‘45% ಎನ್‌ಟಿಎಸ್‌ಸಿ’ ಎಂದಿದ್ದರೆ ಬಣ್ಣ ಸಪ್ಪೆ. ವಿಡಿಯೊ ಎಡಿಟಿಂಗ್, ಡಿಸೈನ್ ಕಲಿಯುವವರು ‘100% ಎಸ್‌ಆರ್‌ಜಿಬಿ’ ಹುಡುಕಬೇಕು.

ಬ್ಯಾಟರಿಯನ್ನು ಗಂಟೆಯಲ್ಲಿ ಅಳೆಯಬೇಡಿ, ವ್ಯಾಟ್-ಅವರ್‌ನಲ್ಲಿ ಅಳೆಯಿರಿ. ‘10 ಗಂಟೆ’ ಎಂಬ ಜಾಹೀರಾತಿನ ಅಂಕಿ ಬೆಳಕು ತಗ್ಗಿಸಿ ಹಗುರ ಕೆಲಸ ಮಾಡಿದಾಗಿನದು. ಸಾಮಾನ್ಯ ಓದು-ಬರಹಕ್ಕೆ ಯು ಸರಣಿಯ ಲ್ಯಾಪ್‌ಟಾಪ್ ಸರಾಸರಿ 7 ವ್ಯಾಟ್ ಎಳೆಯುತ್ತದೆ ಎಂದುಕೊಂಡರೆ, 42 ವ್ಯಾಟ್-ಅವರ್ ಬ್ಯಾಟರಿ 6 ಗಂಟೆ ಬರುತ್ತದೆ. ಕೋಡ್ ಕಂಪೈಲ್ ಮಾಡುವಾಗ 15 ವ್ಯಾಟ್ ಎಳೆದರೆ ಅದೇ ಬ್ಯಾಟರಿ 3 ಗಂಟೆಗೂ ಸಾಲದು. ಎಲ್ಲ ಬೆಂಚಿಗೂ ಪ್ಲಗ್ ಪಾಯಿಂಟ್ ಇರುವ ಕ್ಲಾಸ್‌ರೂಮ್ ಅಪರೂಪ, ಆದ್ದರಿಂದ 50 ವ್ಯಾಟ್-ಅವರ್ ಹತ್ತಿರ ಇರುವುದನ್ನು ಆರಿಸಿ. ಯುಎಸ್‌ಬಿ-ಸಿ ಮೂಲಕ ಚಾರ್ಜ್ ಆಗುವ ಮಾಡೆಲ್ ಆದರೆ ಚಾರ್ಜರ್ ಕೆಟ್ಟಾಗ ಗೆಳೆಯರದ್ದು ಬಳಸಬಹುದು. ಆದರೆ ಸಿ ಪೋರ್ಟ್ ಇದ್ದ ಮಾತ್ರಕ್ಕೆ ಚಾರ್ಜ್ ಆಗುತ್ತದೆ ಎಂದೇನಿಲ್ಲ, ಕೆಲವದರಲ್ಲಿ ಅದು ಬರೀ ಡೇಟಾಕ್ಕೆ. ‘ಪವರ್ ಡೆಲಿವರಿ’ ಇದೆಯೇ ಎಂದು ಕೇಳಿ.

ತೂಕದ ಬಗ್ಗೆ ಅಂಗಡಿಯಲ್ಲಿ ಯಾರೂ ಯೋಚಿಸುವುದಿಲ್ಲ. ಕೆಂಗೇರಿಯಿಂದಲೋ ಯಲಹಂಕದಿಂದಲೋ ಬಿಎಂಟಿಸಿ ಬಸ್ಸಿನಲ್ಲಿ ನಿಂತು ಹೋಗುವವರಿಗೆ 1.4 ಕೆ.ಜಿ. ಮತ್ತು 2.3 ಕೆ.ಜಿ. ನಡುವಿನ ಅಂತರ ಮೊದಲ ವಾರದಲ್ಲೇ ಭುಜಕ್ಕೆ ಗೊತ್ತಾಗುತ್ತದೆ. ಗೇಮಿಂಗ್ ಲ್ಯಾಪ್‌ಟಾಪ್‌ನ ಚಾರ್ಜರ್ ಇಟ್ಟಿಗೆಯೇ ಸುಮಾರು ಅರ್ಧ ಕೆ.ಜಿ. ಇರುತ್ತದೆ. ಹಾಸ್ಟೆಲಿನ ಮೇಜಿನ ಮೇಲೇ ಇರುವ ಯಂತ್ರವಾದರೆ 15.6 ಇಂಚು, ದಿನಾ ಹೊರುವುದಾದರೆ 14 ಇಂಚು.

ಡೆಮೊ ಪೀಸ್‌ನ ಸ್ಕ್ರೀನನ್ನು ಒಂದೇ ಮೂಲೆ ಹಿಡಿದು ನಿಧಾನವಾಗಿ ಎತ್ತಿ ನೋಡಿ. ಮೇಲ್ಭಾಗ ತಿರುಚಿಕೊಂಡರೆ, ಹಿಂಜ್ ಬಳಿ ಪ್ಲಾಸ್ಟಿಕ್ ಕಿರ್‌ಗುಟ್ಟಿದರೆ, ಅದು ಒಂದೆರಡು ವರ್ಷದಲ್ಲಿ ಬಾಯಿ ಬಿಡುವ ಜಾಗ. ಅಗ್ಗದ ಮಾಡೆಲ್‌ಗಳಲ್ಲಿ ಹಿಂಜ್‌ನ ಸ್ಕ್ರೂಗಳು ಪ್ಲಾಸ್ಟಿಕ್‌ನೊಳಗೆ ಹುದುಗಿಸಿದ ಪುಟ್ಟ ಹಿತ್ತಾಳೆ ತಿರುಪುಗೂಡಿಗೆ ಕಚ್ಚಿಕೊಂಡಿರುತ್ತವೆ. ಹಿಂಜ್ ಬಿಗಿಯಾದಂತೆ ಆ ಗೂಡು ಪ್ಲಾಸ್ಟಿಕ್ ಸಮೇತ ಕಿತ್ತು ಬರುತ್ತದೆ. ರಿಪೇರಿಗೆ ಇಡೀ ಕವಚ ಬದಲಿಸಬೇಕಾಗಬಹುದು.

ಗ್ರಾಫಿಕ್ಸ್ ಕಾರ್ಡ್ ಬೇಕೇ?

ಹೆಚ್ಚಿನವರಿಗೆ ಬೇಡ. ‘ಎಐ-ಎಂಎಲ್ ತಗೊಂಡಿದ್ದೀನಿ, ಆರ್‌ಟಿಎಕ್ಸ್ ಬೇಕೇ ಬೇಕು’ ಅನ್ನುವವರು ಬಹಳ. ಡಿಗ್ರಿ ಮಟ್ಟದ ಪ್ರಯೋಗಗಳಿಗೆ ಗೂಗಲ್ ಕೊಲ್ಯಾಬ್ ಎಂಬ ಆನ್‌ಲೈನ್ ಸೇವೆ ಉಚಿತವಾಗಿ ಕೊಡುವ ಜಿಪಿಯು (ಗ್ರಾಫಿಕ್ಸ್ ಚಿಪ್) ಸಮಯ ಬಹುಪಾಲು ಸಾಕಾಗುತ್ತದೆ. 4 ಜಿಬಿ ಮೆಮೊರಿಯ ಆರ್‌ಟಿಎಕ್ಸ್ 2050ರಲ್ಲಿ ದೊಡ್ಡ ಮಾಡೆಲ್‌ಗಳು ಹಿಡಿಸುವುದೂ ಇಲ್ಲ. ಆ ಹಣವನ್ನು 16 ಜಿಬಿ ರ್‍ಯಾಮ್ ಮತ್ತು ಒಳ್ಳೆಯ ಸ್ಕ್ರೀನಿಗೆ ಹಾಕಿ. ಆರ್ಕಿಟೆಕ್ಚರ್‌ನ ರೆಂಡರಿಂಗ್, ತ್ರೀಡಿ ಮಾಡೆಲಿಂಗ್ ದಿನನಿತ್ಯ ಮಾಡುವವರಿಗೆ ಮಾತ್ರ ಪ್ರತ್ಯೇಕ ಕಾರ್ಡ್ ನಿಜವಾದ ಅಗತ್ಯ.

25 ಸಾವಿರದೊಳಗೆ: ಕಂಪನಿಯಿಂದ ಹೊರಬಂದ ಲ್ಯಾಪ್‌ಟಾಪ್

ಬಜೆಟ್ 25,000 ರೂಪಾಯಿ ದಾಟದಿದ್ದರೆ ಆ ಬೆಲೆಯ ಹೊಸ ಲ್ಯಾಪ್‌ಟಾಪ್‌ಗಿಂತ ಒಳ್ಳೆಯ ರಿಫರ್ಬಿಷ್ಡ್ (ಬಳಸಿದ್ದನ್ನು ಸರಿಪಡಿಸಿ ಮಾರುವ) ಬಿಸಿನೆಸ್ ಲ್ಯಾಪ್‌ಟಾಪೇ ವಾಸಿ. ಈ ವಿಷಯದಲ್ಲಿ ಬೆಂಗಳೂರಿನವರಿಗೆ ಅನುಕೂಲ ಹೆಚ್ಚು. ಐಟಿ ಕಂಪನಿಗಳು ಮೂರು-ನಾಲ್ಕು ವರ್ಷ ಬಳಸಿ ಒಟ್ಟಿಗೆ ಬಿಡುವ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೈಟ್‌ಬುಕ್‌ಗಳು ಇಲ್ಲಿ ಧಾರಾಳವಾಗಿ ಸಿಗುತ್ತವೆ. ಇವುಗಳ ಹಿಂಜ್ ಲೋಹದ್ದು, ಕೀಬೋರ್ಡ್ ಗಟ್ಟಿ, ಬಿಡಿಭಾಗ ಸುಲಭ. ಥಿಂಕ್‌ಪ್ಯಾಡ್ ಟಿ480, ಎಲೈಟ್‌ಬುಕ್ 840 ಜಿ5, ಲ್ಯಾಟಿಟ್ಯೂಡ್ 7490 ಮೂರರಲ್ಲೂ ರ್‍ಯಾಮಿಗೆ ಎರಡೆರಡು ಸ್ಲಾಟ್ ಇವೆ.

ಎಷ್ಟೇ ಅಗ್ಗಕ್ಕೆ ಸಿಕ್ಕರೂ ಇಂಟೆಲ್ 8ನೇ ಜನರೇಷನ್‌ಗಿಂತ ಹಳೆಯದು ಬೇಡ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಬೇಕು, 8ನೇ ಜನರೇಷನ್ ಅಥವಾ ಅದಕ್ಕಿಂತ ಹೊಸ ಇಂಟೆಲ್ ಬೇಕು. 6, 7ನೇ ಜನರೇಷನ್ ಯಂತ್ರದಲ್ಲಿ ಅಂಗಡಿಯವರು ಅಡ್ಡದಾರಿಯಿಂದ ವಿಂಡೋಸ್ 11 ಹಾಕಿ ಕೊಡುತ್ತಾರೆ. ಇವತ್ತು ಓಡುತ್ತದೆ, ಮುಂದಿನ ದೊಡ್ಡ ಅಪ್‌ಡೇಟ್ ಬರುತ್ತದೆಂಬ ಖಾತ್ರಿಯಿಲ್ಲ. ಲಿನಕ್ಸ್ ಗೊತ್ತಿರುವ ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗೆ ಮಾತ್ರ ಅವು ಪರವಾಗಿಲ್ಲ.

ಇಲ್ಲಿ ಎಲ್ಲಕ್ಕಿಂತ ದೊಡ್ಡ ಅಪಾಯ ಕಂಪನಿಯ ಬೀಗ. ದೊಡ್ಡ ಕಂಪನಿಗಳು ತಮ್ಮ ಲ್ಯಾಪ್‌ಟಾಪ್‌ಗಳ ಗುರುತನ್ನು ವಿಂಡೋಸ್ ಆಟೊಪೈಲಟ್ ವ್ಯವಸ್ಥೆಯಲ್ಲಿ ನೋಂದಾಯಿಸಿರುತ್ತವೆ. ಬಿಡುವಾಗ ಆ ನೋಂದಣಿ ತೆಗೆಯಲು ಮರೆತರೆ ಯಂತ್ರ ಇನ್ನೂ ಕಂಪನಿಯದೇ ಎಂದು ಮೈಕ್ರೋಸಾಫ್ಟ್‌ನ ಸರ್ವರ್ ನಂಬಿರುತ್ತದೆ. ಇಂಟರ್ನೆಟ್ ಇಲ್ಲದೆ ವಿಂಡೋಸ್ ಹಾಕಿದರೆ ಏನೂ ಗೊತ್ತಾಗುವುದಿಲ್ಲ. ಆರು ತಿಂಗಳ ನಂತರ ನೀವು ರೀಸೆಟ್ ಮಾಡಿ ವೈಫೈ ಜೋಡಿಸಿದಾಗ ಯಾವುದೋ ಕಂಪನಿಯ ಹೆಸರು ಕಾಣಿಸಿ ಅವರ ಐಡಿ, ಪಾಸ್‌ವರ್ಡ್ ಕೇಳುತ್ತದೆ. ಆದ್ದರಿಂದ ದುಡ್ಡು ಕೊಡುವ ಮುಂಚೆಯೇ, ನಿಮ್ಮ ಮೊಬೈಲ್ ಹಾಟ್‌ಸ್ಪಾಟ್ ಜೋಡಿಸಿ, ಅಂಗಡಿಯಲ್ಲೇ ಪೂರ್ತಿ ರೀಸೆಟ್ ಮಾಡಿಸಿ. ಮೊದಲ ಸೆಟಪ್ ಪರದೆಯಲ್ಲಿ ಕಂಪನಿಯ ಹೆಸರು ಬಂದರೆ ಆ ಯಂತ್ರ ಬಿಟ್ಟುಬಿಡಿ. ಮುಕ್ಕಾಲು ಗಂಟೆ ಹಿಡಿಯಬಹುದು, ಕಾಯಲು ಒಪ್ಪದ ಅಂಗಡಿಯಲ್ಲಿ ಕೊಳ್ಳಬೇಡಿ.

ರೀಸೆಟ್ ಆಗುವ ಮುಂಚೆ, ವಿಂಡೋಸ್ ಶುರುವಾಗುವ ಮೊದಲಿನ ಸೆಟ್ಟಿಂಗ್ಸ್ ಪರದೆಯಾದ ಬಯಾಸ್‌ಗೂ ಒಮ್ಮೆ ಹೋಗಿ. ಆನ್ ಮಾಡುತ್ತಿದ್ದಂತೆ ಡೆಲ್‌ನಲ್ಲಿ ಎಫ್2, ಥಿಂಕ್‌ಪ್ಯಾಡ್‌ನಲ್ಲಿ ಎಫ್1, ಎಚ್‌ಪಿಯಲ್ಲಿ ಎಫ್10. ಪಾಸ್‌ವರ್ಡ್ ಕೇಳಿದರೆ ಅಲ್ಲಿಗೇ ನಿಲ್ಲಿಸಿ. ಥಿಂಕ್‌ಪ್ಯಾಡ್‌ನ ಸೂಪರ್‌ವೈಸರ್ ಪಾಸ್‌ವರ್ಡ್ ತೆಗೆಯುವುದು ಸುಲಭದ ಕೆಲಸವಲ್ಲ. ಬಯಾಸ್‌ನಲ್ಲಿ ಕಾಣುವ ಸೀರಿಯಲ್ ನಂಬರ್, ಯಂತ್ರದ ತಳದ ಸ್ಟಿಕ್ಕರ್, ಬಿಲ್ಲಿನಲ್ಲಿ ಬರೆಯುವ ನಂಬರ್ ಮೂರೂ ಒಂದೇ ಇರಬೇಕು. ನಂಬರ್ ಬರೆದ ಬಿಲ್ ಇಲ್ಲದೆ ಕೊಳ್ಳಬೇಡಿ. ಕದ್ದ ಮಾಲಾಗಿದ್ದರೆ ಆ ಕಾಗದವೇ ನಿಮ್ಮ ರಕ್ಷಣೆ.

ಬ್ಯಾಟರಿ ಪರೀಕ್ಷೆಗೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ಬ್ಯಾಟರಿ ರಿಪೋರ್ಟ್ ತೆಗೆಸಿ. ಅದರಲ್ಲಿ ‘ಡಿಸೈನ್ ಕೆಪ್ಯಾಸಿಟಿ’ ಮತ್ತು ‘ಫುಲ್ ಚಾರ್ಜ್ ಕೆಪ್ಯಾಸಿಟಿ’ ಎಂಬ ಎರಡು ಅಂಕಿ ಇರುತ್ತವೆ. 50,000 ಮಿಲಿವ್ಯಾಟ್-ಅವರ್ ಇದ್ದದ್ದು 32,000ಕ್ಕೆ ಇಳಿದಿದ್ದರೆ ಉಳಿದಿರುವುದು 64%. 70ಕ್ಕಿಂತ ಕೆಳಗಿದ್ದರೆ ಹೊಸ ಬ್ಯಾಟರಿಯ ಬೆಲೆಯನ್ನು ಚೌಕಾಸಿಯಲ್ಲಿ ಕಳೆಯಿರಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಎಸ್‌ಎಸ್‌ಡಿಯ ಆರೋಗ್ಯ ನೋಡಿ. ನೋಟ್‌ಪ್ಯಾಡ್ ತೆರೆದು ಪ್ರತಿ ಕೀಲಿ ಒತ್ತಿ. ಬಿಳಿ ಚಿತ್ರ ತುಂಬಿಸಿ ಸ್ಕ್ರೀನಿನಲ್ಲಿ ಕಲೆ ಇದೆಯೇ ನೋಡಿ. ಪ್ರತಿ ಯುಎಸ್‌ಬಿಗೂ ಪೆನ್‌ಡ್ರೈವ್ ಹಾಕಿ ತೆಗೆಯಿರಿ. ಭಾನುವಾರ ಎಸ್.ಪಿ. ರಸ್ತೆಯ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರ ಸಂಜೆ ಕಾಲಿಡಲು ಜಾಗವಿರುವುದಿಲ್ಲ. ಇಷ್ಟೆಲ್ಲ ಪರೀಕ್ಷೆ ಮಾಡಲು ವಾರದ ಮಧ್ಯದ ಬೆಳಗ್ಗೆಯೇ ಸರಿಯಾದ ಹೊತ್ತು.

ಬೆಲೆ, ಇಎಂಐ, ವಾರಂಟಿ

ದಸರಾ-ದೀಪಾವಳಿ ಮುಂಚಿನ ಆನ್‌ಲೈನ್ ಸೇಲ್‌ಗಳಲ್ಲಿ ಬೆಲೆ ನಿಜಕ್ಕೂ ಇಳಿಯುತ್ತದೆ. ಮೊದಲ ಸೆಮಿಸ್ಟರಿಗೆ ಲ್ಯಾಬ್ ಕಂಪ್ಯೂಟರ್ ಸಾಕಾಗುವ ಕೋರ್ಸಾದರೆ ಅಲ್ಲಿಯವರೆಗೆ ಕಾಯುವುದರಲ್ಲಿ ನಷ್ಟವಿಲ್ಲ.

‘ನೋ ಕಾಸ್ಟ್ ಇಎಂಐ’ನಲ್ಲೂ ಸ್ವಲ್ಪ ಖರ್ಚು ಇದೆ. 48,000 ರೂಪಾಯಿಯ ಲ್ಯಾಪ್‌ಟಾಪಿಗೆ ತಿಂಗಳಿಗೆ 8,000ದಂತೆ ಆರು ಕಂತು ಎಂದುಕೊಳ್ಳಿ. ಬ್ಯಾಂಕ್ ಬಡ್ಡಿ ಹಾಕಿಯೇ ಹಾಕುತ್ತದೆ, ಆ ಬಡ್ಡಿಯಷ್ಟನ್ನು ಮಾರಾಟಗಾರರು ಬೆಲೆಯಲ್ಲಿ ಮೊದಲೇ ಕಳೆದಿರುತ್ತಾರೆ. ವಾರ್ಷಿಕ 16% ದರವಾದರೆ ಬಡ್ಡಿ ಸುಮಾರು 2,160 ರೂಪಾಯಿ. ಆ ಬಡ್ಡಿಯ ಮೇಲೆ 18% ಜಿಎಸ್‌ಟಿ, ಅಂದರೆ ಸುಮಾರು 390 ರೂಪಾಯಿ, ನಿಮ್ಮ ತಲೆಗೇ ಬೀಳುತ್ತದೆ. ಮೇಲೆ ಬ್ಯಾಂಕಿನ ಪ್ರೊಸೆಸಿಂಗ್ ಶುಲ್ಕವೂ ಸೇರಬಹುದು. ತೀರಾ ದೊಡ್ಡ ಮೊತ್ತವಲ್ಲ, ಆದರೆ ಪೂರ್ತಿ ಹಣ ಕೊಟ್ಟರೆ ಸಿಗುವ ರಿಯಾಯಿತಿ ಇದಕ್ಕಿಂತ ಹೆಚ್ಚಿದ್ದರೆ ಅದನ್ನೇ ಆರಿಸಿ.

ವಾರಂಟಿಯಲ್ಲಿ ‘ಆನ್‌ಸೈಟ್’ ಅಂದರೆ ರಿಪೇರಿಯವರು ಮನೆಗೆ ಬರುತ್ತಾರೆ, ‘ಕ್ಯಾರಿ ಇನ್’ ಅಂದರೆ ನೀವೇ ಸರ್ವಿಸ್ ಸೆಂಟರಿಗೆ ಒಯ್ಯಬೇಕು. ಬೆಂಗಳೂರಿನಲ್ಲಿ ಎರಡೂ ನಡೆಯುತ್ತದೆ. ರಜೆಗೆ ಊರಿಗೆ ಹೋಗುವ ರಾಯಚೂರು, ಚಾಮರಾಜನಗರದ ಕಡೆಯವರು ಆನ್‌ಸೈಟ್ ಸೌಲಭ್ಯ ತಮ್ಮ ಪಿನ್‌ಕೋಡ್‌ಗೆ ಇದೆಯೇ ಎಂದು ವಿಚಾರಿಸಲಿ. ನೀರು ಚೆಲ್ಲಿದ್ದು, ಬಿದ್ದು ಸ್ಕ್ರೀನ್ ಒಡೆದದ್ದು ಸಾಮಾನ್ಯ ವಾರಂಟಿಗೆ ಸೇರುವುದಿಲ್ಲ, ಅದಕ್ಕೆ ‘ಆ್ಯಕ್ಸಿಡೆಂಟಲ್ ಡ್ಯಾಮೇಜ್’ ಯೋಜನೆ ಬೇರೆ ಕೊಳ್ಳಬೇಕು. ಹಾಸ್ಟೆಲ್ ಹುಡುಗರಿಗೆ ಎರಡನೇ ವರ್ಷದ ವಾರಂಟಿಗಿಂತ ಇದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ರ್‍ಯಾಮ್ ಹಾಕಿಸಲು ತಳ ಬಿಚ್ಚಿದರೆ ವಾರಂಟಿ ಉಳಿಯುತ್ತದೆಯೇ ಎಂಬುದನ್ನೂ ಕಂಪನಿಯ ಸರ್ವಿಸ್ ಸೆಂಟರಿನಲ್ಲೇ ಕೇಳಿಕೊಳ್ಳಿ.

ಡಬ್ಬ ಮನೆಗೆ ಬಂದಾಗ ಸೀಲ್ ಕಾಣುವಂತೆ ವಿಡಿಯೊ ಮಾಡಿಕೊಂಡೇ ಬಿಚ್ಚಿ. ಮೊದಲ ದಿನವೇ ಸೀರಿಯಲ್ ನಂಬರ್ ಹಾಕಿ ವಾರಂಟಿ ನೋಂದಾಯಿಸಿ, ವಾರಂಟಿ ಶುರುವಾದ ದಿನಾಂಕ ಬಿಲ್ಲಿನ ದಿನಾಂಕಕ್ಕೆ ತಾಳೆಯಾಗುತ್ತದೆಯೇ ನೋಡಿ. ಹಳೇ ಸ್ಟಾಕ್ ಆಗಿದ್ದರೆ ಕೆಲವೊಮ್ಮೆ ತಿಂಗಳುಗಳ ಹಿಂದೆಯೇ ಶುರುವಾಗಿರುತ್ತದೆ, ಬಿಲ್ ಕಳಿಸಿದರೆ ಕಂಪನಿ ತಿದ್ದಿಕೊಡುತ್ತದೆ. ಜೊತೆಗೆ ಬಂದ ಎಂಎಸ್ ಆಫೀಸ್ ಅನ್ನು ವಿದ್ಯಾರ್ಥಿಯ ಸ್ವಂತ ಇ-ಮೇಲ್‌ನಿಂದ ತಡಮಾಡದೆ ಸಕ್ರಿಯಗೊಳಿಸಿ, ಅಂಗಡಿಯವರ ಖಾತೆಯಿಂದ ಮಾಡಿಸಬೇಡಿ. ಬದಲಾಯಿಸಿಕೊಡುವ ಅವಧಿ ಸಾಮಾನ್ಯವಾಗಿ ಕೆಲವೇ ದಿನ. ಆ ದಿನಗಳಲ್ಲಿ ಲ್ಯಾಪ್‌ಟಾಪನ್ನು ಕಪಾಟಿನಲ್ಲಿಟ್ಟು ಕಾಪಾಡಬೇಡಿ, ಗಂಟೆಗಟ್ಟಲೆ ಬಳಸಿ, ವಿಡಿಯೊ ಕಾಲ್ ಮಾಡಿ, ಮುಚ್ಚಿಟ್ಟು ಮಾರನೇ ದಿನ ತೆರೆದು ಬ್ಯಾಟರಿ ಎಷ್ಟು ಇಳಿದಿದೆ ನೋಡಿ, ಎಲ್ಲ ಅಪ್‌ಡೇಟ್ ಹಾಕಿ ಮತ್ತೆ ಆನ್-ಆಫ್ ಮಾಡಿ. ಪ್ಲಗ್‌ನಲ್ಲೇ ಇಟ್ಟು ಬಳಸುವವರು ತಯಾರಕರ ಸೆಟ್ಟಿಂಗ್ಸ್ ಆ್ಯಪ್‌ನಲ್ಲಿ ಚಾರ್ಜಿಂಗ್ ಮಿತಿಯನ್ನು 80%ಕ್ಕೆ ಇಳಿಸಲಿ. ಹಾಸಿಗೆ, ದಿಂಬಿನ ಮೇಲೆ ಇಟ್ಟು ಬಳಸಿದರೆ ತಳದ ಗಾಳಿ ಕಿಂಡಿ ಮುಚ್ಚಿ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದೆ, ಒಂದು ಗಟ್ಟಿ ರಟ್ಟು ಅಥವಾ ಪರೀಕ್ಷೆಗೆ ಬಳಸುವ ರೈಟಿಂಗ್ ಪ್ಯಾಡ್ ಕೆಳಗಿಟ್ಟರೂ ಸಾಕು.